ಚೌಡಿ ತಿರುವಿನ ಹಾರ್ನ್

ಸರಿಯಾಗಿರುವ ವಸ್ತುವನ್ನು ಒಮ್ಮೆ ಬಿಚ್ಚಿ ನೋಡದಿದ್ದರೆ ಸುಂದರೇಶನಿಗೆ ಊಟ ಸೇರುತ್ತಿರಲಿಲ್ಲ. ಕೊಪ್ಪದಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟ ಮೇಲಂತೂ ಆ ಚಟಕ್ಕೆ ಹೇಳುವವರು ಕೇಳುವವರು ಇಲ್ಲವಾದರು. ಅವನ ಅಣ್ಣ ದೇವರಾಜ ಹಳೆಯ ಟರ್ಬೊ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. "ಎಂತ ಮಾರಾಯ, ಏರಲ್ಲಿ ಇದ್ರ ಜೀವನೇ ಹೋಗ್ತದೆ. ನೀನೇ ಏನಾದ್ರೂ ಮಾಡು" ಎಂದು ಅಣ್ಣ ಒಂದು ದಿನ ಅಂದದ್ದೇ ನೆಪವಾಯಿತು.

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ತುರುಕುವ ಚಕ್ರ. ಎಷ್ಟು ತುರುಕಬೇಕೆಂದು ಅದಕ್ಕೆ ಹೇಳುವ ಬೂಸ್ಟ್ ಕಂಟ್ರೋಲರನ್ನು ಸುಂದರೇಶ ಮನೆಯಲ್ಲೇ ಕಟ್ಟಿದ. ಗಾಳಿಯ ಒತ್ತಡ ಅಳೆಯಲು ಒಂದು ಸೆನ್ಸರ್, ಹಿಡಿಯಲು ಬಿಡಲು ಒಂದು ವಾಲ್ವು, ಇವೆರಡನ್ನೂ ಆಳುವ ಬೋರ್ಡನ್ನು ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ ಕೂರಿಸಿದ. ಒತ್ತಡದ ಅಂಕಿ ಕಾಣಲು ಡಬ್ಬಿಗೊಂದು ಪುಟ್ಟ ಪರದೆಯಿಟ್ಟು, ಸ್ಟೇರಿಂಗ್ ಪಕ್ಕ ಬಿಗಿದ. ಒತ್ತಡ ಸಾಲದಿದ್ದರೆ ಡಬ್ಬಿ ಏರಿಸುತ್ತಿತ್ತು, ಹೆಚ್ಚಾದರೆ ಇಳಿಸುತ್ತಿತ್ತು. ಕಾರು ಏರನ್ನು ಓಡಿಕೊಂಡೇ ಹತ್ತಿತು. ದೇವರಾಜ ಬಾಡಿಗೆಗೆ ಬಂದವರಿಗೆಲ್ಲ ಡಬ್ಬಿ ತೋರಿಸಿ, "ನಮ್ಮ ಸುಂದ್ರೇಶ ಮಾಡಿದ್ದು" ಎಂದು ಬೀಗುತ್ತಿದ್ದ.

ಕೊಪ್ಪದಿಂದ ನಾರ್ವೆ ಊರಿನ ಕಡೆ ಹೋಗುವ ಏರಿನಲ್ಲಿ ಒಂದು ತಿರುವಿದೆ, ಅಲ್ಲಿ ದಾರಿ ಕಾಯುವ ಚೌಡಿ ದೇವತೆಯ ಕಲ್ಲಿದೆ. ಕಲ್ಲು ಕಂಡ ಕೂಡಲೇ ಹಾರ್ನ್ ಒತ್ತಬೇಕು, ತಿರುವು ದಾಟುವ ತನಕ ಕೈ ತೆಗೆಯಬಾರದು. ದೇವರು ದಿಂಡರನ್ನು ನಂಬದವರ ಕೈಯೂ ಅಲ್ಲಿ ತಾನಾಗಿ ಹಾರ್ನಿಗೆ ಹೋಗುತ್ತದೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೇವರಾಜನ ಕಾರು ಅದೇ ತಿರುವಿನಲ್ಲಿ ರಸ್ತೆ ಬಿಟ್ಟು ಮರಕ್ಕೆ ಹೊಡೆಯಿತು. ಕಾರಿನಲ್ಲಿ ಅವನೊಬ್ಬನೇ ಇದ್ದ. ಉಳಿಯಲಿಲ್ಲ.

ಹೊಸ ಯಂತ್ರದ ಗರ್ವ, ಹಾರ್ನ್ ಹಾಕಿರಲಿಕ್ಕಿಲ್ಲ, ಚೌಡಿ ಹಿಡಿದಳು ಎಂದು ಊರು ತೀರ್ಪು ಕೊಟ್ಟಿತು. ಊರಿಗೇನು, ಬಾಯಿಗೆ ಬೀಗವೇ? ಆದರೆ ದೇವರಾಜನ ಹೆಂಡತಿ ಸುಮಲತಾ ಕೂಡ ಅದನ್ನೇ ನಂಬಿದಳು. ಮಂಗಳವಾರ ಬಂತೆಂದರೆ ಕೆಂಪು ದಾಸವಾಳ ಹಿಡಿದು ಕಲ್ಲಿನ ಬಳಿಗೆ ಹೋಗಿ, ಗಂಡನ ಪರವಾಗಿ ತಪ್ಪೊಪ್ಪಿಕೊಂಡು, ಹಿಡಿದವನನ್ನು ಬಿಟ್ಟುಕೊಡು ಎಂದು ಬೇಡಿ ಬರುತ್ತಿದ್ದಳು. ಮನೆಯಲ್ಲಿ ಅವನ ಹೆಸರೆತ್ತುವುದನ್ನೇ ಬಿಟ್ಟಳು. ಅಣ್ಣ ಅಂಥ ಸೊಕ್ಕಿನವನಲ್ಲ ಎಂದು ಸುಂದರೇಶನ ಹೊಟ್ಟೆ ಉರಿಯುತ್ತಿತ್ತು. ಆದರೆ ಸಾಕ್ಷಿ ಎಲ್ಲಿಂದ ತರುವುದು?

ಕಾರಿನ ಮುಂಭಾಗ ನಜ್ಜುಗುಜ್ಜಾಗಿದ್ದರೂ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಕಂಡಾಗಲೆಲ್ಲ ಅವನಿಗೆ ಒಂಥರಾ ಕಸಿವಿಸಿ. ಡಬ್ಬಿಯನ್ನೂ ಅದರ ವೈರುಗಳನ್ನೂ ಇದ್ದ ಹಾಗೇ ಬಿಟ್ಟು ಕಾರನ್ನು ರಿಪೇರಿ ಮಾಡಿ, ಒಂದು ಬೆಳಿಗ್ಗೆ ಒಳ್ಳೆಯ ಬಿಸಿಲಿನಲ್ಲಿ ಒಬ್ಬನೇ ಏರು ಹತ್ತಿಸಿದ. ಎಲ್ಲ ತಿರುವುಗಳಲ್ಲೂ ಕಾರು ಹೇಳಿದ ಹಾಗೆ ಕೇಳಿತು. ಚೌಡಿಯ ಕಲ್ಲು ಕಂಡಿತು, ವಾಡಿಕೆಯಂತೆ ಹಾರ್ನ್ ಒತ್ತಿ ಹಿಡಿದ. ಬಲಗಾಲಿನ ಮೇಲೆ ಇನ್ನೊಂದು ಕಾಲು ಊರಿದ ಹಾಗೆ ಕಾರು ಮುಂದಕ್ಕೆ ಹಾರಿತು.

ಬ್ರೇಕ್ ತುಳಿದು ನಿಲ್ಲಿಸಿದಾಗ ಆ ಮರ ಒಂದು ಮಾರು ದೂರದಲ್ಲಿತ್ತು. ಎಂಜಿನ್ ಆರಿಸಿದ. ಹಕ್ಕಿಯ ಸದ್ದೂ ಇರಲಿಲ್ಲ. ಕಲ್ಲಿನ ಮೇಲಿನ ದಾಸವಾಳ ಬಾಡಿ ಕಪ್ಪಾಗಿತ್ತು. ಮನಸ್ಸು ಗಟ್ಟಿ ಮಾಡಿ ಕೆಳಗಿಳಿದು ಮತ್ತೆ ಹತ್ತಿಸಿದ. ಮತ್ತೆ ಅಲ್ಲೇ, ಹಾಗೇ ಹಾರಿತು. ಅವತ್ತು ಸುಂದರೇಶ ನಿಜಕ್ಕೂ ಹೆದರಿದ. ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಮಂಗಳವಾರ ಮಧ್ಯಾಹ್ನ ಅಂಗಡಿಯೆದುರು ಕಾರಿಗೆ ಅಡ್ಡವಾಗಿ ಒಂದು ನಾಯಿ ಮಲಗಿತ್ತು. ಕೀಲಿ ತಿರುಗಿಸಿ ಹಾರ್ನ್ ಒತ್ತಿದ. ನಾಯಿ ಏಳಲಿಲ್ಲ. ಡಬ್ಬಿಯ ಪರದೆಯ ಮೇಲೆ ಒತ್ತಡದ ಅಂಕಿ ಮಾತ್ರ ಸರ್ರನೆ ಕೆಳಗಿಳಿಯಿತು. ಕೈ ತೆಗೆದ, ಅಂಕಿ ಮೇಲೆ ಬಂತು. ಮತ್ತೆ ಒತ್ತಿದ, ಮತ್ತೆ ಬಿತ್ತು. ಬಾನೆಟ್ ಎತ್ತಿದ. ಡಬ್ಬಿಯ ಅರ್ಥ್ ವೈರನ್ನು ಅವನೇ ಸುಲಭವೆಂದು ಹಾರ್ನಿನ ಅರ್ಥ್ ಬೋಲ್ಟಿಗೇ ಬಿಗಿದಿದ್ದ. ಮಳೆಗಾಲದಲ್ಲಿ ಬೋಲ್ಟು ತುಕ್ಕು ಹಿಡಿದು, ಹಾರ್ನಿನ ಕರೆಂಟು ಸಲೀಸಾಗಿ ದಾಟಲಾರದೆ ಡಬ್ಬಿಯ ಅಳತೆಯನ್ನೇ ಕೆಡಿಸುತ್ತಿತ್ತು. ಹಾರ್ನ್ ಹೊಡೆದಷ್ಟು ಹೊತ್ತೂ ಡಬ್ಬಿ ಒತ್ತಡ ಸಾಲದೆಂದು ತಪ್ಪು ತಿಳಿದು, ಗಾಳಿ ತುರುಕುತ್ತಲೇ ಇರುತ್ತಿತ್ತು. ಬೇರೆ ತಿರುವುಗಳಲ್ಲಿ ಒಂದು ಸಣ್ಣ ಪೀಂ, ಅಷ್ಟೇ. ಒತ್ತಿ ಹಿಡಿಯುವುದು ಚೌಡಿಯ ಮುಂದೆ ಮಾತ್ರ.

ಅಣ್ಣ ಹಾರ್ನ್ ಹಾಕಿದ್ದ. ಸುಂದರೇಶ ಹುಡುಕುತ್ತಿದ್ದ ಸಾಕ್ಷಿ ಸಿಕ್ಕಿತ್ತು.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಬೈಕಿನಲ್ಲಿ ತಿರುವಿಗೆ ಹೋದ. ಸುಮಲತಾ ಕಲ್ಲಿನ ಮುಂದೆ ಕೂತಿದ್ದಳು.

"ಅತ್ತಿಗೆ, ಅಣ್ಣ ಹಾರ್ನ್ ಹಾಕಿದ್ದ."

"ನೀನೆಂತ ಕಂಡಿದ್ಯಾ?"

"ಹಾಕಿದ್ದಕ್ಕೇ ಗಾಡಿ ಹಾರಿದ್ದು. ಅವನದ್ದೆಂತ ತಪ್ಪಿಲ್ಲ. ಚೌಡಿದೂ ಅಲ್ಲ. ನಾನು ಮಾಡಿದ ಡಬ್ಬಿ ಅದು. ವೈರ್ ಕೊಟ್ಟಿದ್ದೇ ತಪ್ಪಾಗಿತ್ತು."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರೆ ಇಷ್ಟು ದಿನ ನಾನು ಬೇರೆಯವ್ರ ಹತ್ರ ಕೇಳಿದ್ದು" ಎಂದಳು.

ಕಲ್ಲಿನ ಮೇಲಿಟ್ಟ ಹೂಗಳನ್ನು ಒಂದೊಂದಾಗಿ ಎತ್ತಿಕೊಂಡು ತಂದು ಅವನ ಪಾದದ ಬಳಿ ಇಟ್ಟಳು. ಅವನು ಹಿಂದೆ ಸರಿಯಲು ನೋಡಿದ, ಕಾಲು ಬರಲಿಲ್ಲ. ಸುಮಲತಾ ಕಣ್ಣು ಮುಚ್ಚಿ ಅವನೆದುರು ಕೈ ಮುಗಿದಳು.

"ತಪ್ಪೆಂತ ಇದ್ರೂ ಹೊಟ್ಟೆಗೆ ಹಾಕ್ಕೋ. ಅವರನ್ನ ಬಿಟ್ಟುಕೊಡು" ಎಂದಳು.