ಎಣ್ಣೆ ಹೊತ್ತಿಕೊಂಡ ಭಾನುವಾರ

ರಾಮಸಮುದ್ರದ ಸಾಬಣ್ಣನಿಗೆ ಜನ ಚಪ್ಪಾಳೆ ತಟ್ಟಿದ್ದು ಜೀವನದಲ್ಲಿ ಅದೇ ಮೊದಲು. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಅವನು ಹೆಲ್ಪರ್. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಅಲ್ಲಿನ ಸೇಫ್ಟಿ ಸಾಹೇಬ ಅತೀಕರು ಒಂದು ದಿನ ಕಬ್ಬಿಣದ ತಟ್ಟೆಯಲ್ಲಿ ಎಣ್ಣೆ ಸುರಿದು ಹೊತ್ತಿಸಿದರು. "ಯಾರ್ ಬರ್ತೀರಿ ಮುಂದ?" ಎಂದಾಗ ಎಲ್ಲರೂ ಹಿಂದೆ ಸರಿದರು. ಸಾಬಣ್ಣ ಸರಿಯುವುದನ್ನು ಮರೆತು ನಿಂತಲ್ಲೇ ನಿಂತಿದ್ದ, ಹಾಗಾಗಿ ಅವನೇ ಮುಂದೆ ಬಂದಂತಾಯಿತು. ಹೇಳಿಕೊಟ್ಟಂತೆ ದೊಡ್ಡ ತಗಡಿನ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿದ. ಬೆಂಕಿ ಉಸಿರುಕಟ್ಟಿ ಆರಿತು. ಮಂದಿ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಮನೆಯವರಿಗೆ ಪಾಠ ಶುರುವಾಯಿತು. ಭಾನುವಾರ ರಜೆ. ಅವತ್ತು ಹೆಂಡತಿ ದುರ್ಗಾ, ಇಬ್ಬರು ಹೆಣ್ಣುಮಕ್ಕಳು, ತಾಯಿ ಅಮೃತಮ್ಮ, ಎಲ್ಲರೂ ಸೇರಿ ಅಡುಗೆ ಮಾಡುವುದು ರೂಢಿ. ಸಾಬಣ್ಣ ಗ್ಯಾಸ್ ಒಲೆಯ ಹತ್ತಿರದ ಕಿಟಕಿಯ ಪರದೆ ಬಿಚ್ಚಿಸಿದ. ಸೀಮೆಎಣ್ಣೆ ಡಬ್ಬಿಯನ್ನು ಹಿತ್ತಲ ಕೋಣೆಗೆ ಸಾಗಿಸಿದ. ಸೆರಗು ಸೊಂಟಕ್ಕೆ ಸಿಕ್ಕಿಸದೆ ದುರ್ಗಾ ಒಲೆಯ ಮುಂದೆ ನಿಂತರೆ ಬಿಡುತ್ತಿರಲಿಲ್ಲ.

"ಇಪ್ಪತ್ತ ವರ್ಷದಿಂದ ಅಡಗಿ ಮಾಡಾಕತ್ತೇನ್ರಿ, ಈಗ ನೀವು ಕಲಸ್ತೀರೇನು?" ಎಂದು ಅವಳು ಗೊಣಗುತ್ತಲೇ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

ಅಮೃತಮ್ಮ ಮಾತ್ರ ಮಗನನ್ನು ಅಣಕಿಸುತ್ತಿದ್ದಳು. ಅವನು ಹೊರಗೆ ಹೋದ ಕೂಡಲೇ ಬೆರಳೆತ್ತಿ, ಅವನಂತೆಯೇ ಗಂಟಲು ದಪ್ಪ ಮಾಡಿ, "ಎಣ್ಣಿಗಿ ಬೆಂಕಿ ಹತ್ತಿದ್ರ ನೀರ ಹಾಕಬ್ಯಾಡ್ರಿ! ಒಲಿ ಬಂದ್! ಮ್ಯಾಲ ಮುಚ್ಚಳಾ!" ಎನ್ನುವಳು. ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. "ಆಯಿ, ಇನ್ನೊಮ್ಮಿ!" ಎಂದು ಕಾಡುತ್ತಿದ್ದರು. ಅವಳು ಇನ್ನೊಮ್ಮೆ ಮಾಡಿ ತೋರಿಸುತ್ತಿದ್ದಳು.

ಮಳೆ ಹಿಡಿದ ಒಂದು ಭಾನುವಾರ ಮಕ್ಕಳು ಮಿರ್ಚಿ ಭಜಿ ಕೇಳಿದರು. ಅಮೃತಮ್ಮ ನೆಲದ ಮೇಲೆ ಕುಳಿತು ಮೆಣಸಿನಕಾಯಿ ಸೀಳುತ್ತಿದ್ದಳು, ದುರ್ಗಾ ಕಡಲೆಹಿಟ್ಟು ಕಲಸುತ್ತಿದ್ದಳು. ಎಣ್ಣೆ ಕಾಯಿಸುವ ಕೆಲಸ ಸಾಬಣ್ಣನದು. ಅಷ್ಟರಲ್ಲಿ ಸೂಪರ್‌ವೈಸರ್ ಫೋನು ಬಂತು, ನಾಳೆಯ ಶಿಫ್ಟ್ ಬದಲಾಗಿದೆ ಎಂದು. ಸಾಬಣ್ಣ ಒಲೆಗೆ ಬೆನ್ನು ಮಾಡಿ ನಿಂತು ಮಾತಿಗಿಳಿದ. ಬೆಳಿಗ್ಗೆ ಬರುವುದು ಕಷ್ಟವೆಂದ, ಬಸ್ಸಿಲ್ಲವೆಂದ. ಕಡಾಯಿಯ ಎಣ್ಣೆ ಹೊಗೆಯಾಡಿತು. ದುರ್ಗಾ ತಲೆ ಎತ್ತುವುದರೊಳಗೆ ಭಗ್ಗನೆ ಹೊತ್ತಿಕೊಂಡಿತು.

ಸಾಬಣ್ಣ ತಿರುಗಿ ನೋಡಿದ. ಇಷ್ಟು ದಿನ ಹೇಳಿದ್ದೆಲ್ಲ ತಲೆಯಿಂದ ಜಾರಿಹೋಯಿತು. ಫೋನು ಬಿಸಾಕಿ ಕೊಡದ ಮೇಲಿದ್ದ ಚರಿಗೆಯಲ್ಲಿ ನೀರು ಮೊಗೆದ.

"ನೀರ ಬ್ಯಾಡಲೇ ಸಾಬ್ಯಾ!"

ಅಮೃತಮ್ಮ ಎದ್ದದ್ದು ಯಾವಾಗೆಂದು ಯಾರಿಗೂ ತಿಳಿಯಲಿಲ್ಲ. ಅವನ ತೋಳು ಹಿಡಿದು ಹಿಂದಕ್ಕೆಳೆದಳು. ದುರ್ಗಾ ಪಕ್ಕದಿಂದ ಕೈಚಾಚಿ ಒಲೆ ಆರಿಸಿದಳು. ಅಮೃತಮ್ಮ ರೊಟ್ಟಿ ಹಿಟ್ಟು ನಾದುವ ಅಗಲವಾದ ಪರಾತವನ್ನು ತೆಗೆದುಕೊಂಡು ಕಡಾಯಿಯ ಮೇಲೆ ಮೆಲ್ಲಗೆ ಸರಿಸಿ ಮುಚ್ಚಿಬಿಟ್ಟಳು. ಅಂಚಿನಿಂದ ಕಪ್ಪು ಹೊಗೆ ಬಂತು, ಆಮೇಲೆ ಅದೂ ನಿಂತಿತು.

"ಆಯಿ, ತಗದ ನೋಡ," ಎಂದಳು ಕಿರಿಯವಳು.

"ಮುಟ್ಟಬ್ಯಾಡ. ತಣ್ಣಗ ಆಗಲಿ. ಹಂಗಂತ ನಿಮ್ಮಪ್ಪನಽ ಹೇಳ್ಯಾನ."

ಎಣ್ಣೆಯ ಹನಿ ಸಿಡಿದು ಸಾಬಣ್ಣನ ಮುಂಗೈ ಕೆಂಪಾಗಿತ್ತು. ಹಿರಿಯ ಮಗಳು ಹಲ್ಲುಜ್ಜುವ ಪೇಸ್ಟು ತರಲು ಓಡಿದಳು. ದುರ್ಗಾ ಅವಳನ್ನು ತಡೆದು ಗಂಡನ ಕೈಯನ್ನು ನಳದ ಕೆಳಗೆ ಹಿಡಿದಳು. "ಪೇಸ್ಟ್ ಗೀಸ್ಟ್ ಹಚ್ಚಬಾರದಂತ ನೀವಽ ಹೇಳಿದ್ರಲ್ರಿ. ಸುಮ್ನ ನಿಂದರ್ರಿ." ಉರಿ ಇಳಿಯುವ ತನಕ ಅವಳು ಬಿಡಲಿಲ್ಲ. ಅಷ್ಟು ಹೊತ್ತು ಅವಳು ತನ್ನ ಕೈ ಹಿಡಿದು ನಿಂತದ್ದು ಮದುವೆಯಾದ ಹೊಸತರಲ್ಲೂ ಇರಲಿಲ್ಲವೆಂದು ಸಾಬಣ್ಣನಿಗೆ ಅನ್ನಿಸಿತು.

ಆಮೇಲೆ ಅವನು ಹೊಸ್ತಿಲಲ್ಲಿ ಕುಳಿತ. ಆ ಚರಿಗೆ ನೀರು ಎಣ್ಣೆಗೆ ಬಿದ್ದಿದ್ದರೆ ಬೆಂಕಿಯು ಹಿಟ್ಟು ಕಲಸುತ್ತಿದ್ದ ದುರ್ಗಾಳ ಮುಖಕ್ಕೇ ಹಾರುತ್ತಿತ್ತು. ಮಕ್ಕಳು ಅಲ್ಲೇ ಇದ್ದರು.

"ಯವ್ವಾ, ಇವತ್ತ ನೀ ಇರಲಿಲ್ಲಂದ್ರ..." ಎಂದ.

"ಹುಚ್ಚ ಅದಿ ಏನು? ನೀ ವಾರಾ ವಾರಾ ಬಡಕೊಂಡಿದ್ದಕ್ಕ ನನಗ ಬಂತು. ನಿನಗ ಕಲಿಸಿದಾಂವ ಯಾರ, ಅವನ ಹೊಟ್ಟಿ ತಣ್ಣಗಿರಲಿ," ಎಂದಳು ಅಮೃತಮ್ಮ. ಮಗನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಮುಂದಿನ ಭಾನುವಾರ ಮನೆಯಲ್ಲಿ ಮತ್ತೆ ಭಜಿಯಾಯಿತು. ಫೋನುಗಳೆಲ್ಲ ಪಡಸಾಲೆಯ ಗೋಡೆಯ ಮಾಡದಲ್ಲಿ ಕುಳಿತಿದ್ದವು. ಒಂದು ಡಬ್ಬಿ ತುಂಬಿಸಿಕೊಂಡು ಸಾಬಣ್ಣ ಸೋಮವಾರ ಅತೀಕ ಸಾಹೇಬರ ಮುಂದೆ ಹೋಗಿ ನಿಂತ. ನಡೆದದ್ದೆಲ್ಲ ಹೇಳಿದ, ತಾನು ಚರಿಗೆ ಹಿಡಿದದ್ದನ್ನೂ ಬಿಡಲಿಲ್ಲ. "ನಮ್ಮವ್ವ ನಿಮಗ ಶರಣ ಹೇಳ್ಯಾಳ್ರಿ ಸಾಹೇಬ್ರ."

ಅತೀಕರು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಭಜಿ ಕಚ್ಚಿ, "ಭಾಳ ಛಲೋ ಆಗ್ಯಾವ. ಯಾರ್ ಕರದಾರ?" ಎಂದು ಕೇಳಿದರು.

"ದುರ್ಗಾ ಕರದಾಳ್ರಿ. ನಾ ಬಾಜೂಕ ಮುಚ್ಚಳಾ ಹಿಡಕೊಂಡ ನಿಂತಿದ್ದೆ," ಎಂದ ಸಾಬಣ್ಣ.