ಎರಡನೆಯ ಬಟ್ಟಲು

ತುಂಗಕ್ಕನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಅವಳ ಮುಖವಲ್ಲ, ಒಂದು ಎನಾಮಲ್ ಬಟ್ಟಲು. ಅದು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ಅದನ್ನು ನಮ್ಮ ಚರ್ಚಿನೊಳಗೆ ತಂದವರಲ್ಲಿ ನಾನೂ ಒಬ್ಬ.

ಕಾರಡ್ಕಕ್ಕೆ ಹೋಗುವ ದಾರಿಯ ಗುಡ್ಡದ ಮೇಲೆ ನಮ್ಮದೊಂದು ಹಂಚಿನ ಮಾಡಿನ ಸಣ್ಣ ಚರ್ಚು. ನಲವತ್ತು ಮನೆಗಳ ಸಭೆ. ಅಜ್ಜಂದಿರ ಕಾಲದಲ್ಲೇ ಜಾತಿಯನ್ನು ಬಿಟ್ಟು ಬಂದೆವೆಂದು ಹೇಳಿಕೊಂಡು ತಿರುಗುವವರು ನಾವು. ತುಂಗಕ್ಕನಿಗೆ ಅಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ದೀಕ್ಷಾಸ್ನಾನ ಪಡೆದ ಮೇಲೂ ಹಳೆಯ ಹೆಸರನ್ನೇ ಇಟ್ಟುಕೊಂಡು, ಊರವರ ಭತ್ತ ಕುಟ್ಟಿ ಹೊಟ್ಟೆ ಹೊರೆದವಳು. ಹೆರಿಗೆಯ ಮನೆಗಾಗಲಿ ಸಾವಿನ ಮನೆಗಾಗಲಿ ಪಾದ್ರಿಯವರಿಗಿಂತ ಮೊದಲು ಅವಳು ಮುಟ್ಟುತ್ತಿದ್ದಳು. ಚರ್ಚಿನ ಕಸ ಗುಡಿಸುವವಳೂ ಅವಳೇ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ ಒಣದ್ರಾಕ್ಷಿ ಬೇಯಿಸಿ, ಹಿಂಡಿ, ಸೋಸಿ ಬೆಳ್ಳಿಯ ಬಟ್ಟಲಿಗೆ ತುಂಬುವವಳೂ ಅವಳೇ.

ಆ ಭೋಜನದಲ್ಲಿ ಎಲ್ಲರೂ ಸಾಲಾಗಿ ಹೋಗಿ ಒಂದೇ ಬಟ್ಟಲಿನಿಂದ ಒಂದೊಂದು ಗುಟುಕು ಕುಡಿಯಬೇಕು. ಕೊನೆಗೆ ಉಳಿದದ್ದನ್ನು ಮಣ್ಣಿಗೆ ಚೆಲ್ಲುವಂತಿಲ್ಲ. ಭೋಜನ ನಡೆಸಿದ ಪಾದ್ರಿಯವರೇ ಅದನ್ನು ಎಲ್ಲರ ಎದುರು ಕುಡಿದು ಬಟ್ಟಲು ಬರಿದು ಮಾಡಬೇಕು. ಇದು ನಮ್ಮ ಸಭೆಯಲ್ಲಿ ಮೊದಲಿನಿಂದ ನಡೆದು ಬಂದ ಕ್ರಮ.

ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಬಟ್ಯ ಮತ್ತು ಅವನ ಹೆಂಡತಿ ಅಪ್ಪಿ ನಮ್ಮ ಸಭೆಗೆ ಸೇರಿದರು. ಊರ ಹೊರಗಿನ ಗುಡಿಸಲುಗಳ ಕೊಪ್ಪದಲ್ಲಿ ಬುಟ್ಟಿ ಹೆಣೆಯುವವರು, ಊರವರು ಮುಟ್ಟಿಸಿಕೊಳ್ಳದ ಜಾತಿ. ಎರಡು ವರ್ಷ ಅವರ ಗುಡಿಸಲಿಗೆ ನಡೆದು ಪ್ರಾರ್ಥನೆ ಕಲಿಸಿದ್ದು ತುಂಗಕ್ಕ. ದೀಕ್ಷಾಸ್ನಾನದ ದಿನ ಅವರ ತಲೆಗೆ ನೀರು ಹಾಕಿ, ಮಿಶನ್ನಿನ ಮೇಲಿನವರಿಗೆ ಉದ್ದದ ವರದಿ ಬರೆದು ಹೆಸರು ಗಳಿಸಿದ್ದು ಸುಕುಮಾರ ಪಾದ್ರಿಯವರು. ಅಲ್ಲಿಯವರೆಗೆ ಎಲ್ಲರಿಗೂ ಸಂತೋಷ. ಮುಂದಿನ ಭಾನುವಾರ ಬಟ್ಯನ ತುಟಿ ನಮ್ಮ ಬಟ್ಟಲಿಗೆ ತಾಗುತ್ತದೆ ಎಂದು ಹೊಳೆದ ಕೂಡಲೇ ಆ ಸಂತೋಷ ಇಳಿಯಿತು.

ಆ ವಾರವೇ ಪಾದ್ರಿಯವರು ನನ್ನನ್ನೂ ಸೇರಿಸಿ ಸಭೆಯ ಐದು ಮಂದಿ ಹಿರಿಯರನ್ನು ಕೂರಿಸಿ, ನಾಯಕನಾದವನು ಹೇಗಿರಬೇಕೆಂದು ಮೂರು ದಿನ ಪಾಠ ಮಾಡಿದ್ದರು. ಯಜಮಾನ ಆಳಿನಂತೆ ಬಗ್ಗಬೇಕೆಂದು ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಮೂರನೆಯ ದಿನ ಪಾಠ ಮುಗಿದು ಚಾ ಕುಡಿಯುತ್ತಿದ್ದಾಗ ನಮ್ಮಲ್ಲಿ ದೊಡ್ಡವರಾದ ಉಗ್ಗಪ್ಪನವರು ಮಾತು ತೆಗೆದರು. ಊರಲ್ಲಿ ಕ್ಷಯ ಹೆಚ್ಚಾಗಿದೆ, ಹೊಸಬರಿಗೆ ಬೇರೆ ಬಟ್ಟಲು ಇದ್ದರೆ ಎಲ್ಲರ ಆರೋಗ್ಯಕ್ಕೂ ಒಳ್ಳೆಯದು ಎಂದರು. ಸಭೆಯಲ್ಲಿ ಕ್ಷಯ ಇದ್ದದ್ದು ಒಬ್ಬರಿಗೆ, ಉಗ್ಗಪ್ಪನವರ ತಮ್ಮನಿಗೆ. ಅವನು ಬೆಳ್ಳಿಯ ಬಟ್ಟಲಲ್ಲೇ ಕುಡಿಯುತ್ತಿದ್ದ. ಇದು ನಮಗೆಲ್ಲರಿಗೂ ಗೊತ್ತಿತ್ತು, ಆದರೂ ತಲೆಯಾಡಿಸಿದೆವು. ಪಾದ್ರಿಯವರು ಹಿರಿಯರ ಮನಸ್ಸಿಗೆ ವಿರೋಧವಾಗಿ ತಾನು ಹೋಗುವವನಲ್ಲ ಎಂದರು. ಶಾಲೆ ಮಾಸ್ಟರಾದ ನನ್ನ ಅಕ್ಷರ ಚೆಂದವೆಂದು ಠರಾವು ಬರೆಯಲು ನನಗೆ ಹೇಳಿದರು. 'ಆರೋಗ್ಯದ ದೃಷ್ಟಿಯಿಂದ' ಎಂದು ಬರೆದದ್ದು ಈ ಕೈ. ಥೂ.

ಎಲ್ಲವನ್ನೂ ಯೋಚಿಸಿದ ನಾವು ಒಂದನ್ನು ಮರೆತೆವು. ಎರಡನೆಯ ಬಟ್ಟಲಲ್ಲೂ ಏನಾದರೂ ಉಳಿದೀತು ಎಂಬುದು ಒಬ್ಬನಿಗೂ ಹೊಳೆಯಲಿಲ್ಲ.

ಭಾನುವಾರ ಬಂತು. ಎಲ್ಲರೂ ಕುಡಿದಾದ ಮೇಲೆ ಬಟ್ಯನೂ ಅಪ್ಪಿಯೂ ಮುಂದೆ ಬಂದರು. ಎನಾಮಲ್ ಬಟ್ಟಲನ್ನು ಕೈಗೆ ಕೊಟ್ಟಾಗ ಬಟ್ಯ ಒಮ್ಮೆ ಬೆಳ್ಳಿಯದನ್ನು ನೋಡಿದ. ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಕುಡಿದು ಹಿಂದಿರುಗಿದ. ಪಾದ್ರಿಯವರು ಬೆಳ್ಳಿಯ ಬಟ್ಟಲಲ್ಲಿ ಉಳಿದದ್ದನ್ನು ಕುಡಿದರು. ಎನಾಮಲ್ ಬಟ್ಟಲನ್ನು ಎತ್ತಿಕೊಂಡರು, ಒಳಗೆ ನೋಡಿದರು. ಮುಕ್ಕಾಲು ಪಾಲು ಹಾಗೇ ಇತ್ತು. ಇಡೀ ಸಭೆ ಅವರ ಬಾಯಿಯನ್ನೇ ನೋಡುತ್ತಿತ್ತು. ಅವರ ಮುಖದ ಮೇಲೆ ಬಂದದ್ದು ಹೇಸಿಗೆ. ಅದನ್ನು ನಾನು ಮೊದಲ ಬೆಂಚಿನಿಂದ ಕಂಡೆ, ಬಟ್ಯ ಕೊನೆಯ ಬೆಂಚಿನಿಂದ ಕಂಡ. ಅವನು ಅಪ್ಪಿಯ ಕೈ ಹಿಡಿದು ಎದ್ದು ನಿಂತ. ಬಾಗಿಲು ದಾಟಿದರೆ ಅವನು ತಿರುಗಿ ಬರುವವನಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಪಾದ್ರಿಯವರು ತುಂಗಕ್ಕನನ್ನು ಕರೆದು, ಇದನ್ನು ಹೊರಗೆ ತೆಂಗಿನ ಬುಡಕ್ಕೆ ಹಾಕು ಎಂದು ಮೆಲ್ಲಗೆ ಹೇಳಿದರು.

ತುಂಗಕ್ಕ ಬಟ್ಟಲು ತೆಗೆದುಕೊಂಡಳು. "ಮಣ್ಣಿಗೆ ಹಾಕುವ ಕ್ರಮ ಇಲ್ಲ ಅಯ್ಯನವರೇ," ಎಂದಳು. "ನಿಮಗೆ ಆಗದಿದ್ದರೆ ಬೇಡ. ನನಗೆ ಎಂತ ತೊಂದರೆ ಉಂಟು?"

ಅಲ್ಲೇ ನಿಂತು, ಆತುರಪಡದೆ, ಕೊನೆಯ ಹನಿಯವರೆಗೆ ಕುಡಿದಳು. ಸೆರಗಿನಿಂದ ಬಾಯಿ ಒರಸಿಕೊಂಡು ಹಿಂದೆ ನಡೆದಳು. ಬಟ್ಯ ಬಾಗಿಲ ಹತ್ತಿರ ನಿಂತಿದ್ದ. "ಕೂತುಕೋ ಮಾರಾಯ, ಇನ್ನೊಂದು ಹಾಡು ಉಂಟು," ಎಂದು ಕೊನೆಯ ಬೆಂಚಿನಲ್ಲಿ ಅವನ ಜಾಗದ ಪಕ್ಕದಲ್ಲೇ ಕುಳಿತಳು. ಬಟ್ಯ ಕುಳಿತ. ಮೊದಲ ಬೆಂಚಿನವರಾದ ನಾವು ಗಟ್ಟಿಯಾಗಿ ಹಾಡಿದೆವು.

ಇಷ್ಟಾದ ಮೇಲಾದರೂ ನಮಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅದೇ ಮಧ್ಯಾಹ್ನ ಮತ್ತೆ ಸೇರಿದೆವು. ಎನಾಮಲ್ ಬಟ್ಟಲನ್ನು ತೆಗೆದುಬಿಡೋಣ ಎಂದು ಐವರಲ್ಲಿ ಒಬ್ಬನ ಬಾಯಿಂದಲೂ ಬರಲಿಲ್ಲ. ಇನ್ನು ಮುಂದೆ ಎರಡನೆಯ ಬಟ್ಟಲಿಗೆ ಉಳಿಯದ ಹಾಗೆ ಎರಡೇ ಗುಟುಕು ಹಾಕತಕ್ಕದ್ದು ಎಂದು ತೀರ್ಮಾನವಾಯಿತು. ಆ ಠರಾವನ್ನೂ ನಾನೇ ಬರೆದೆ. ಪಾದ್ರಿಯವರು ಪ್ರಾರ್ಥನೆ ಮಾಡಿ ಸಹಿ ಹಾಕಿದರು.

ತುಂಗಕ್ಕ ಠರಾವನ್ನು ಕೇಳಿಸಿಕೊಂಡು ಆಗಲಿ ಎಂದಳು. ಮುಂದಿನ ತಿಂಗಳು ಎನಾಮಲ್ ಬಟ್ಟಲು ಅಂಚಿನವರೆಗೆ ತುಂಬಿತ್ತು. ಬಟ್ಯ ಮತ್ತು ಅಪ್ಪಿಯ ಹಿಂದೆ ಅವಳು ಸಾಲಿನಲ್ಲಿ ನಿಂತಳು. ಅವರಾದ ಮೇಲೆ ಅದೇ ಬಟ್ಟಲಲ್ಲಿ ಕುಡಿದು, ಬರಿದು ಮಾಡಿ, ಪಾದ್ರಿಯವರ ಕೈಗೆ ಕೊಟ್ಟಳು. ಬೆಳ್ಳಿಯ ಬಟ್ಟಲನ್ನು ಅವಳು ಮತ್ತೆ ತೊಳೆದಳೇ ಹೊರತು ಅದರಿಂದ ಕುಡಿಯಲಿಲ್ಲ. ಏಳು ವರ್ಷ, ತಿಂಗಳಿಗೊಮ್ಮೆ. ವರ್ಷ ಕಳೆದ ಹಾಗೆ ಭತ್ತ ಕುಟ್ಟುವ ಇನ್ನಿಬ್ಬರು ಹೆಂಗಸರು ಅವಳ ಹಿಂದೆ ನಿಲ್ಲತೊಡಗಿದರು. ಅವಳು ಯಾರನ್ನೂ ಕರೆದದ್ದಿಲ್ಲ, ಯಾರಿಗೂ ಪಾಠ ಮಾಡಿದ್ದಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ ಜ್ವರ ಬಂದು ತುಂಗಕ್ಕ ತೀರಿಕೊಂಡಳು. ಪಾದ್ರಿಯವರು ಸಮಾಧಿಯ ಹತ್ತಿರ ಅವಳ ದೀನತೆಯನ್ನು ಅರ್ಧ ಗಂಟೆ ಹೊಗಳಿದರು. ಬಟ್ಟಲಿನ ಮಾತು ಎತ್ತಲಿಲ್ಲ.

ಅವಳಿಲ್ಲದ ಮೊದಲ ಭೋಜನಕ್ಕೆ ದ್ರಾಕ್ಷಾರಸ ಮಾಡಿದವಳು ಅಪ್ಪಿ. ಕಲಿಸಿಕೊಟ್ಟವಳು ತುಂಗಕ್ಕನಾದ್ದರಿಂದ ಅಂಚಿನವರೆಗೇ ತುಂಬಿದ್ದಳು. ಎಲ್ಲರೂ ಕುಡಿದ ಮೇಲೆ ಎನಾಮಲ್ ಬಟ್ಟಲಲ್ಲಿ ಅರ್ಧ ಉಳಿಯಿತು. ಪಾದ್ರಿಯವರು ಅದನ್ನು ಹಿಡಿದು ನಮ್ಮ ಬೆಂಚಿನ ಕಡೆ ನೋಡಿದರು. ಉಗ್ಗಪ್ಪನವರು ಕಿಟಕಿ ನೋಡಿದರು. ಆ ಬಟ್ಟಲಿಗೂ ನನಗೂ ನಾಲ್ಕು ಹೆಜ್ಜೆ ದೂರ. ಏಳಬೇಕು ಎಂದುಕೊಂಡೆ, ನಿಜವಾಗಿ ಎಂದುಕೊಂಡೆ.

ಕೊನೆಯ ಬೆಂಚಿನಿಂದ ಬಟ್ಯ ನಡೆದು ಬಂದು ಪಾದ್ರಿಯವರ ಕೈಯಿಂದ ಅದನ್ನು ತೆಗೆದುಕೊಂಡು ಕುಡಿದು ಮುಗಿಸಿದ. ನಾನು ಹಾಡಿನ ಪುಸ್ತಕದ ಪುಟ ತಿರುಗಿಸುತ್ತಿದ್ದೆ.