ಮನೆಯವನೆಂದು ಕಲಿತ ಕಳ್ಳ

ಮೊನ್ನೆ ಮುಂಬಯಿಯ ಪವಾಯಿಯಲ್ಲಿರುವ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಡಬ್ಬಿ ತೆರೆದರು. ಶೇಂಗಾ ಚಟ್ನಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಸರ್ ನೆನಪಾದರು.

ನನಗೆ ಕೆಲಸ ಕಲಿಸಿದವರು ಅವರು. ವಿಜಯಪುರದ ಕಡೆಯವರು, ಡಬ್ಬಿಯಲ್ಲಿ ಶೇಂಗಾ ಚಟ್ನಿ ತಪ್ಪುತ್ತಿರಲಿಲ್ಲ; ದಿನಾ ಬೊರಿವಲಿಯಿಂದ ಲೋಕಲ್ ರೈಲು ಹಿಡಿದು, ಮತ್ತೆ ಬಸ್ ಹತ್ತಿ ಬರುತ್ತಿದ್ದರು. ಮುಂಬಯಿಯಲ್ಲೇ ಬೆಳೆದ, ಉಡುಪಿ ಹೋಟೆಲಿನವರ ಮಗಳಾದ ನನ್ನ ಅರೆಬರೆ ಕನ್ನಡವನ್ನು ಆಡಿಕೊಂಡು ನಗುತ್ತಿದ್ದರು... ಆ ನಗು ಈಗಲೂ ಬೇಕೆನಿಸುತ್ತದೆ.

ಕಂಪ್ಯೂಟರ್ ಜಾಲಕ್ಕೆ ನುಗ್ಗುವವರನ್ನು ಹಿಡಿಯುವುದು ನಮ್ಮ ಕೆಲಸ. ಆ ವರ್ಷ ಅದನ್ನು ಯಂತ್ರಕ್ಕೇ ಕಲಿಸಲು ಹೊರಟಿದ್ದೆವು. ಕೆಲವು ವಾರ ಅದು ಜಾಲದ ಓಡಾಟವನ್ನೆಲ್ಲ ನೋಡಿ, ಇದು ಇಲ್ಲಿನ ರೂಢಿ ಎಂದು ಕಲಿಯುತ್ತದೆ. ಆಮೇಲೆ ರೂಢಿ ತಪ್ಪಿದ್ದು ಕಂಡರೆ ಕೂಗುತ್ತದೆ.

"ತಂಗಿ, ಕಲಿಸೂಕಿಂತ ಮೊದ್ಲ ಒಂದೊಂದು ಮಷೀನೂ ತಪಾಸ್ ಮಾಡು," ಎಂದಿದ್ದರು ಸರ್. "ಕಳ್ಳ ಆಗ್ಲೇ ಒಳಗ ಕುಂತಿದ್ರ, ಇದು ಅವನ್ನೂ ಮನ್ಯಾಂವ ಅಂತ ತಿಳ್ಕೋತದ."

ಅರ್ಧ ನೋಡಿದೆ, ಉಳಿದರ್ಧ ಬಿಟ್ಟೆ. ದೊಡ್ಡವರ ಮುಂದೆ ಬೇಗ ತೋರಿಸಿ ಭೇಷ್ ಎನಿಸಿಕೊಳ್ಳುವ ಹುಚ್ಚು. ಮಹಾ ಬುದ್ಧಿವಂತೆ ನಾನು! ಎಲ್ಲ ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಸರ್ ನಂಬಿ ತಪಾಸಣೆಯ ಕಾಗದಕ್ಕೆ ಸಹಿ ಹಾಕಿದರು.

ಕಳ್ಳ ನಿಜಕ್ಕೂ ಒಳಗಿದ್ದ. ಒಂದು ಬೆಳಿಗ್ಗೆ ಬಂದು ನೋಡಿದರೆ, ಯಾರೂ ತೆರೆಯಲಾಗದಂತೆ ಕಂಪ್ಯೂಟರಿನ ಫೈಲುಗಳಿಗೆಲ್ಲ ಅವನು ಬೀಗ ಹಾಕಿದ್ದ. ಅವನ ಓಡಾಟವನ್ನೇ ರೂಢಿ ಎಂದು ಕಲಿತಿದ್ದ ನಮ್ಮ ಯಂತ್ರ ತುಟಿ ಪಿಟಕ್ಕೆಂದಿರಲಿಲ್ಲ.

ವಿಚಾರಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಸರ್ ಎದ್ದು ನಿಂತರು. ಸಹಿ ತನ್ನದು, ಅವಸರ ಮಾಡಿದ್ದೂ ತಾನೇ ಎಂದರು. ನಾನು ತಲೆ ತಗ್ಗಿಸಿ ಕೂತೆ, ಅಷ್ಟೇ. ಹೊರಗೆ ಬಂದಮೇಲೆ, "ನಿನ್ನ ಕಲಿಕಿ ಇನ್ನೂ ಭಾಳ ಅದ, ತಂಗಿ," ಎಂದಷ್ಟೇ ಹೇಳಿದರು. ಅವರ ಕೆಲಸ ಹೋಯಿತು. ಅವರ ಕುರ್ಚಿ ನನಗೆ ಬಂತು.

ನಾಳೆ ಫೋನ್ ಮಾಡೋಣ, ನಾಡಿದ್ದು ಮಾಡೋಣ... ಹೀಗೇ ವರ್ಷಗಳು ಹೋದವು. ಮೊನ್ನೆ ಮಾತ್ರ, ಬೈದರೂ ಸರಿ, ಆ ದನಿ ಒಮ್ಮೆ ಕೇಳಬೇಕೆಂದು ಜೀವ ಎಳೆಯಿತು. ಸಂಜೆ ಕೊನೆಗೂ ಮಾಡಿದೆ. ಎತ್ತಿದ್ದು ಅವರ ಮಗಳು. ಸರ್ ತೀರಿಕೊಂಡು ಎರಡು ವರ್ಷವಾಯಿತಂತೆ.

"ಲಾಸ್ಟ್ ತನಕ ಪಪ್ಪಾ ಒಂದೇ ಮಾತು... ನಾನೇ ಅವಸರ ಮಾಡಿದೆ ಅಂತಿದ್ರು," ಎಂದಳು.

ಮನೆಯವರ ಹತ್ತಿರವೂ ನನ್ನ ಹೆಸರೆತ್ತಿರಲಿಲ್ಲ ಆ ಮನುಷ್ಯ. ತಡೆಯಲಾಗದೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ದೀದಿ," ಎಂದಳು ಆಮೇಲೆ, "ಇದು ಪಪ್ಪಾ ಇದ್ದಾಗ ಹೇಳ್ಬೇಕಿತ್ತಲ್ಲಾ."